ರೊಟ್ಟಿ ದಪ್ಪ ಆದಾಗ

ನವನಗರದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು ನನ್ನ ಹೆಂಡತಿ, ತಪ್ಪು ಹುಡುಕುವವನು ನಾನು. ಹೋದ ವರ್ಷ ಆಕೆಯ ರೊಟ್ಟಿ ದಪ್ಪವಾಗತೊಡಗಿದವು. ಪಟಪಟ ಕೇಳುತ್ತಿದ್ದ ಬಡಿಯುವ ಸಪ್ಪಳ ನಿಧಾನವಾಗಿ, ನಡುನಡುವೆ ನಿಂತೇ ಹೋಗುತ್ತಿತ್ತು. ನಾನು ಬಲು ಜಾಣ. ತಪ್ಪು ಹಿಟ್ಟಿನದೆಂದು ತೀರ್ಮಾನಿಸಿ ಗಿರಣಿ ಬದಲಿಸಿದೆ. ಆಮೇಲೆ ಹೆಬ್ಬಳ್ಳಿಯಿಂದ ಬೇರೆ ಜೋಳ ತರಿಸಿದೆ. ಕೊನೆಗೆ ಹಂಚನ್ನೂ ಬದಲಿಸಿದೆ. ಆಕೆ ಮಾತ್ರ ಬಿರುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಮುಖ ಬಾತು, ಕೂತಲ್ಲೇ ತೂಕಡಿಸುತ್ತಿದ್ದಳು. "ವಯಸ್ಸಾತ ತಗೋ ನಿನಗ" ಎಂದು ನಗುತ್ತಿದ್ದೆ.

ಒಮ್ಮೆ ಊಟಕ್ಕೆ ಬಂದ ಅವಳ ತಂಗಿ, ಅಕ್ಕನ ಮುಖ ನೋಡಿ ನನ್ನನ್ನು ಚೆನ್ನಾಗಿ ಬೈದು, ಇಬ್ಬರನ್ನೂ ಡಾಕ್ಟರ ಬಳಿ ಅಟ್ಟಿದಳು. ಡಾಕ್ಟರು ರಕ್ತಪರೀಕ್ಷೆಯ ವರದಿ ನೋಡಿ, "ಕೊಳ್ಳಾಗಿನ ಥೈರಾಯ್ಡ್ ಗ್ರಂಥಿ ಕಡಿಮಿ ಕೆಲಸ ಮಾಡಾಕತ್ತೈತ್ರಿ. ಅದಕ್ಕs ಇಡೀ ಮೈ ನಿಧಾನ ಆಗೈತಿ. ದಿನಾ ಮುಂಜಾನೆ ಖಾಲಿ ಹೊಟ್ಟಿಲೆ ಗುಳಗಿ ತಗೊಳ್ರಿ, ಅರ್ಧಾ ತಾಸು ಬಿಟ್ಟು ಚಾ ಕುಡೀರಿ" ಎಂದರು. ಆಮೇಲೆ ಕೇಳಿದರು, "ಯಾವಾಗಿಂದ ಹಿಂಗ ಆಗಾಕತ್ತೈತ್ರಿ?"

ಆಕೆ ನನ್ನ ಕಡೆ ನೋಡಿದಳು. "ಇವರು ಗಿರಣಿ ಬದಲಿಸಿದ್ರಲ್ರಿ, ಅದಕ್ಕೂ ಒಂದ್ ತಿಂಗಳ ಮೊದಲಿಂದರಿ."

ಮುಜುಗರ ಮುಚ್ಚಿಕೊಳ್ಳಲು ನಾನು ದನಿ ಏರಿಸಿದೆ. "ಆವಾಗs ನನಗ ಹೇಳಬೇಕಿಲ್ಲೇನು?"

"ಹೇಳಿದ್ನೆಲ್ರಿ" ಎಂದಳು ಆಕೆ, ಅದೇ ನಿಧಾನದ ದನಿಯಲ್ಲಿ. "ನೀವು ಆವಾಗ ಜೋಳದಾಗಿನ ಕಲ್ಲು-ಹಳ್ಳ ಆರಸಾಕತ್ತಿದ್ರಿ."