ಭತ್ತದ ಹೊಟ್ಟಿನಲ್ಲಿ ಹೂತ ಪುಸ್ತಕಗಳು

ನೆನೆದ ಭತ್ತದ ಹೊಟ್ಟಿನ ವಾಸನೆ ಇಂದಿಗೂ ನನಗೆ ಆಗುವುದಿಲ್ಲ. ಮೂಗಿಗೆ ತಾಗಿದರೆ ಸಾಕು, ಕಂಪ್ಲಿಯಲ್ಲಿದ್ದ ನಮ್ಮ ಅಜ್ಜನ ಅಕ್ಕಿ ಗಿರಣಿ, ಅದರ ಎದುರಿನ ವಾಚನಾಲಯ, ನೀಲಮ್ಮತ್ತೆ ಎಲ್ಲ ಒಟ್ಟಿಗೇ ಎದ್ದು ಬರುತ್ತಾರೆ. ವಾಚನಾಲಯದ ಕಟ್ಟಡ ಮೊದಲು ಹತ್ತಿ ವ್ಯಾಪಾರಿಯೊಬ್ಬರ ಮಳಿಗೆ. ಅವರು ಊರು ಬಿಟ್ಟಾಗ ಅಜ್ಜನಂಥ ನಾಲ್ಕು ಜನ ಸೇರಿ ಸುಣ್ಣ ಬಳಿಸಿ, ಕಪಾಟು ಇರಿಸಿದ್ದರಂತೆ. ಮದ್ರಾಸಿನಿಂದ ತಡವಾಗಿ ಬರುವ ಪೇಪರನ್ನು ಜಗಲಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ, ಉಳಿದವರು ಅಡಿಕೆ ಕತ್ತರಿಸುತ್ತ ಕೇಳುತ್ತಿದ್ದರು. ಗೋಡೆಯ ಬಿರುಕುಗಳಲ್ಲಿ ಆಗಲೂ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಬಳ್ಳಾರಿಯ ಕಾನ್ವೆಂಟಿನಿಂದ ರಜೆಗೆ ಬಂದಾಗಲೆಲ್ಲ ನಾನು ಅವನ್ನು ಉಗುರಿನಿಂದ ಎಳೆಯುತ್ತಿದ್ದೆ. ಹೆಂಗಸರು ಮುಂಬಾಗಿಲಿಂದ ಹೋಗುವಂತಿರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆ, ಗಂಡಸರು ಊಟಕ್ಕೆದ್ದ ಹೊತ್ತು ನೋಡಿ ಹಿಂದಿನ ಕಿಟಕಿಗೆ ಮೊರ ಹಿಡಿಯುತ್ತಿದ್ದಳು. ಪುಸ್ತಕ ನೋಡಿಕೊಳ್ಳುವ ರುದ್ರಪ್ಪನವರು ಕಂಬಿಗಳ ನಡುವಿನಿಂದ ಅದರೊಳಗೆ ಒಂದು ಪುಸ್ತಕ ಇಳಿಸುತ್ತಿದ್ದರು. ಕೈಯಿಂದ ಕೈಗೆ ಕೊಡಬಾರದಲ್ಲ.

"ಇದು ಭಾಳ ಅಳಸ್ತೈತಿ ತಂಗಿ, ನೋಡ್ಕೊಂಡು ಓದು," ಎನ್ನುತ್ತಿದ್ದರು.

"ಅಳೂದು ನನಗೇನು ಹೊಸದಲ್ಲ, ಕೊಡ್ರಿ," ಎಂದು ಅತ್ತೆ ನಗುತ್ತಿದ್ದಳು. ಅವಳು ನಗುತ್ತಿದ್ದುದು ಆ ಕಿಟಕಿಯ ಕೆಳಗೆ ಮಾತ್ರ. ಮನೆಯಲ್ಲಿ ಅಜ್ಜಿ, "ಹೊಂಟ್ಳು ನೋಡು ಮೊರ ತಗೊಂಡು, ಅಕ್ಕಿ ತರಾಕಲ್ಲ, ಅಕ್ಷರ ತರಾಕ!" ಎಂದು ಚುಚ್ಚುತ್ತಿದ್ದಳು.

ಎರಡನೇ ಮಹಾಯುದ್ಧದ ಕಾಲಕ್ಕೆ ರೇಷನ್ ಅಕ್ಕಿಯ ದಾಸ್ತಾನಿಗೆ ಆ ಕಟ್ಟಡ ಬೇಕೆಂದು ಸರ್ಕಾರದ ಹುಕುಂ ಬಂತು. ಗಿರಣಿಯವರ ಮನೆಗಳಲ್ಲಿ ಬೆಲೆಬಾಳುವುದನ್ನೆಲ್ಲ ಹೊಟ್ಟಿನಲ್ಲಿ ಹೂತಿಡುವುದು ರೂಢಿ: ಉಪ್ಪಿನಕಾಯಿ ಜಾಡಿ, ಗಾಜಿನ ದೀಪ, ಮದುವೆಯ ಪಿಂಗಾಣಿ. ಅಜ್ಜ ವಾಚನಾಲಯದ ಪುಸ್ತಕಗಳನ್ನೂ ಹಾಗೇ ಹೂಳಿಸಿದರು. "ಅಪ್ಪಾ, ನಮ್ಮ ಅಟ್ಟದ ಮ್ಯಾಲ ಇಡೂಣಲ್ಲ," ಎಂದಳು ಅತ್ತೆ. "ಹುಚ್ಚೀ, ಹೊಟ್ಟಿನ್ಯಾಗ ಇಟ್ಟದ್ದು ಎಂದರ ಕೆಟ್ಟೈತೇನು? ಸುಮ್ನಿರು." ಜಾಡಿಗೆ ತೇವ ಹಿಡಿಯದು, ಕಾಗದಕ್ಕೆ ಹಿಡಿಯುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ. ಆ ಮಳೆಗಾಲ ಹೊಟ್ಟಿನ ಕೋಣೆ ಸೋರಿತು. ದೀಪಾವಳಿಗೆ ಮೊದಲು ತೆಗೆಸಿದಾಗ ಸಲಿಕೆಗೆ ಬಂದದ್ದು ಗೆದ್ದಲ ಮಣ್ಣು. ನಡುನಡುವೆ ಬರೀ ರಟ್ಟುಗಳು, ಒಳಗೆ ಏನೂ ಇಲ್ಲ. ಅಜ್ಜ ಮಗಳ ಮುಖ ನೋಡದೆ, "ಇನ್ನಷ್ಟು ಒಳಗ ನೋಡಲೇ, ಇನ್ನಷ್ಟು ಒಳಗ," ಎಂದು ಆಳಿಗೆ ಹೇಳುತ್ತಲೇ ಇದ್ದರು.

ಯುದ್ಧ ಮುಗಿದ ಮೇಲೂ ಮೂಟೆಗಳು ಹೊರಬರಲಿಲ್ಲ. ಭಾರಕ್ಕೆ ಗೋಡೆ ಬಾಗಿ, ಒಂದು ಬೇಸಿಗೆಯಲ್ಲಿ ಕಟ್ಟಡವನ್ನೂ ಕೆಡವಿದರು. ನಿಮ್ಮೂರಿನಲ್ಲೂ ಇಂಥದೊಂದು ಖಾಲಿ ಜಾಗ ಇರಬಹುದು. ಅಲ್ಲೇನಿತ್ತೆಂದು ಕೇಳುವವರು ಇರಲಿಕ್ಕಿಲ್ಲ. ಅತ್ತೆಯಂತೂ ಅಷ್ಟು ದಿನ ಕಾಯದೆ, ಓದುವ ಆಸೆಯನ್ನು ಮೊದಲೇ ಬಿಟ್ಟಿದ್ದಳು. ಪುಸ್ತಕಗಳು ಹಾಳಾದ ವರ್ಷವೇ, ಕ್ರಿಸ್‌ಮಸ್ ರಜೆಯಲ್ಲಿ ನನ್ನ ಕನ್ನಡ ಪಾಠಪುಸ್ತಕವನ್ನೇ ಅವಳ ಕೈಗೆ ಕೊಟ್ಟೆ. ಸೆರಗಿನಿಂದ ರಟ್ಟು ಒರೆಸಿದಳು. ತೆರೆಯದೆ, ತಿರುಗಿ ನನ್ನ ತೊಡೆಯ ಮೇಲಿಟ್ಟಳು.

"ಬ್ಯಾಡವ್ವಾ, ಮತ್ತ ರುಚಿ ಹತ್ತತೈತಿ," ಅಂದಳು.