ಜಿನೋವಾದ ಅಜ್ಜಿಯ ಬಟ್ಟಲು

ಮೊನ್ನೆ ಅಡಿಲೇಡ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ಯಾರೋ ಕಾಮಕಸ್ತೂರಿಯ ಕಟ್ಟೊಂದನ್ನು ಎತ್ತಿ, ಎಲೆ ಹಿಸುಕಿ, ಮೂಸಿ, ಮತ್ತೆ ಅಲ್ಲೇ ಇಟ್ಟು ಹೋದರು. ತುಳಸಿಯಂತೆ ಶುರುವಾಗಿ ಲವಂಗದ ಕಡೆಗೆ ಹೊರಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಧಸಕ್ ಎಂದಿತು. ಇಪ್ಪತ್ತು ದಾಟಿದ ಹೆಂಗಸು ನಾನು, ಕೈಯಲ್ಲಿ ಹಾಲಿನ ಕ್ಯಾನು, ತಲೆಯಲ್ಲಿ ನಾಳೆಯ ಕೆಲಸದ ಚಿಂತೆ. ಆದರೂ ಕಣ್ಣು ತಾನಾಗಿ ಸುತ್ತ ಹುಡುಕಲು ಶುರುಮಾಡಿತು: ಎಲ್ಲಿ ಹೋದರು ಇವರು, ಈಗ ತಾನೆ ಇಲ್ಲೇ ಇದ್ದರಲ್ಲ? ನಿಮಗೂ ಹೀಗಾಗಿರಬಹುದು. ಹೋದವರನ್ನು ನೆನೆಯುವಾಗ ಕೆಲವರಿಗೆ ಅಳು ಬರುತ್ತದೆ. ನನಗೆ ಮಾತ್ರ ಗಾಬರಿಯಾಗುತ್ತದೆ.

ನಾವು ಮೈಸೂರಿನಿಂದ ಪರ್ತ್‌ಗೆ ಬಂದಾಗ ನನಗೆ ಏಳು ವರ್ಷ. ಅಪ್ಪ ಗಣಿಯಲ್ಲಿ ಜಿಯಾಲಜಿಸ್ಟ್, ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಅಮ್ಮನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿ. "ನಂಗೆ ಮಧ್ಯಾಹ್ನದ ಆರ್ವೋ ಶಿಫ್ಟ್ ಇದೆ ಕಣೇ, ಆಂಟಿ ಮನೇಲಿರು" ಎಂದು ಅವಳು ಕಾರು ಹತ್ತಿದರೆ ನಾನು ಬೇಲಿಯ ಸಂದಿಯಿಂದ ಪಕ್ಕದ ಮನೆಗೆ ನುಸುಳುತ್ತಿದ್ದೆ. ನಮ್ಮ ಬಡಾವಣೆ ಪಿಯಾರಾ ವಾಟರ್ಸ್‌ನಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು, ಎಲ್ಲದರ ಮುಂದೆಯೂ ಇನ್ನೂ ಬೇರು ಬಿಡದ ಎಳೆ ಗಿಡಗಳು. ಗ್ರೆಗರಿ ಅಂಕಲ್ ಮತ್ತು ಲೀನಾ ಆಂಟಿಯ ಮನೆಯನ್ನು ಮಾತ್ರ ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದಿತ್ತು, ಅಷ್ಟು ಕಾಮಕಸ್ತೂರಿ ಅವರ ಅಂಗಳದಲ್ಲಿ. ಉಡುಪಿ ಕಡೆಯ ಕ್ಯಾಥೊಲಿಕರು ಅವರು. ಅಂಕಲ್ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದು, ಆಮೇಲೆ ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಇಲ್ಲಿಗೆ ಬಂದವರು. ಒಬ್ಬಳೇ ಮಗಳು ಬ್ರಿಸ್ಬೇನ್‌ನಲ್ಲಿದ್ದಳು. ಶಾಲೆಯಿಂದ ಬರುವಷ್ಟರಲ್ಲಿ ಅಂಕಲ್ ಕಲ್ಲಿನಲ್ಲಿ ಆ ಎಲೆ, ಬೆಳ್ಳುಳ್ಳಿ, ಗೇರುಬೀಜ ಕುಟ್ಟಿ ಹಸಿರು ಚಟ್ನಿ ಮಾಡಿರುತ್ತಿದ್ದರು. ಅದನ್ನು ಬಿಸಿ ನೀರುದೋಸೆಯ ಮೇಲೆ ಸವರಿ ಮಡಚಿ ಕೊಟ್ಟು, "ಇದು ಜಿನೋವಾದ ಚಟ್ನಿ. ಮಂಗಳೂರಿನವರಿಗೂ ಗೊತ್ತಿಲ್ಲ, ಮೈಸೂರಿನವರಿಗೆ ಎಲ್ಲಿಂದ ಗೊತ್ತಿರ್ತದೆ!" ಎಂದು ನನ್ನನ್ನು ಕೆಣಕುವುದು ದಿನದ ಶಾಸ್ತ್ರ.

ಜಿನೋವಾ ಇಟಲಿಯ ಹಳೇ ಬಂದರು. ಅಂಕಲ್‌ಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ ಅವರ ಹಡಗಿನ ಎಂಜಿನ್ ಕೆಟ್ಟು, ರಿಪೇರಿಗೆಂದು ಹನ್ನೊಂದು ತಿಂಗಳು ಅಲ್ಲೇ ನಿಂತಿತ್ತಂತೆ. ಎಂಜಿನಿಯರುಗಳು ಎಂಜಿನ್ ಬಿಚ್ಚಿದರು, ಅಂಕಲ್ ಊರನ್ನು ಬಿಚ್ಚಿದರು. ಟೂರಿಸ್ಟುಗಳು ನೋಡುವ ಅರಮನೆ, ಕೊಲಂಬಸ್ಸನ ಮನೆ ಅವರಿಗೆ ಲೆಕ್ಕಕ್ಕೇ ಇರಲಿಲ್ಲ. "ಅದೆಲ್ಲ ಫೋಟೋದವರಿಗೆ. ಊರು ಇರುವುದು ಹಿಂದಿನ ಓಣಿಗಳಲ್ಲಿ" ಎನ್ನುತ್ತಿದ್ದರು. ಕೊಡೆ ಬಿಚ್ಚಲಾಗದಷ್ಟು ಇಕ್ಕಟ್ಟಾದ ಓಣಿಗಳು. ತಿರುವಿನಲ್ಲಿ ಗೋಡೆಯೊಳಗೆ ಗೂಡು, ಗೂಡಿನಲ್ಲಿ ಮೇರಿಮಾತೆ, ಅವಳೆದುರು ಪುಟ್ಟ ದೀಪ. ಬಾಗಿಲ ಮೇಲಿನ ಕಪ್ಪುಕಲ್ಲಿನಲ್ಲಿ ರಾಕ್ಷಸಹಾವನ್ನು ಇರಿಯುತ್ತಿರುವ ಸಂತ, ಮಳೆಗೆ ಮೂಗು ಸವೆದು ಹೋದವನು. ಬಂದರಿನ ಎದುರಿನ ಕಮಾನುಗಳ ಕೆಳಗೆ ಮೀನು ಕರಿಯುವ ಅಂಗಡಿಗಳು, ಕಡಲೆಹಿಟ್ಟಿನ ದೋಸೆಯನ್ನು ದೊಡ್ಡ ತಟ್ಟೆಯಲ್ಲಿ ಸುಟ್ಟು ತುಂಡು ಮಾಡಿ ಕಾಗದದಲ್ಲಿ ಕೊಡುವವರು. ಸುರಂಗದೊಳಗೆ ನಡೆದುಹೋದರೆ ಒಂದು ಲಿಫ್ಟು, ಅದು ಜನರನ್ನು ನೇರ ಗುಡ್ಡದ ನೆತ್ತಿಗೆ ಒಯ್ದು, ಇಡೀ ಊರಿನ ಮಾಡುಗಳನ್ನು ಕಾಲಡಿಗೆ ಹರವುತ್ತಿತ್ತಂತೆ. ಸುಳ್ಳೆಂದು ನಾನು ನಕ್ಕಿದ್ದೆ. ದೊಡ್ಡವಳಾದ ಮೇಲೆ ಹುಡುಕಿ ನೋಡಿದರೆ, ಲಿಫ್ಟು ನಿಜ.

ಆ ಓಣಿಗಳೆಲ್ಲ ಕೊನೆಗೆ ಒಂದು ಹಸಿರು ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಒಮ್ಮೆ ಅಂಕಲ್ ಜ್ವರದಲ್ಲಿ ಆ ಬಾಗಿಲ ಮೆಟ್ಟಿಲ ಮೇಲೆ ಕುಸಿದಾಗ ಒಳಗಿನ ಅಜ್ಜಿಯೊಬ್ಬಳು ನೀಲಿ ಅಂಚಿನ ಪಿಂಗಾಣಿ ಬಟ್ಟಲಲ್ಲಿ ಬಿಸಿ ಸೂಪು ಕೊಟ್ಟಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಬಟ್ಟಲನ್ನು ತೆಗೆದುಕೊಂಡೇ ಹೋಗು ಎಂದು ಕೈಸನ್ನೆ ಮಾಡಿದಳಂತೆ. ಮರುದಿನವೇ ತೊಳೆದು ಕೊಟ್ಟುಬಿಟ್ಟಿದ್ದರೆ ಮುಗಿದಿತ್ತು. ಆದರೆ ನಮ್ಮವರು ಗೊತ್ತಲ್ಲ, ಉಂಡ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದುಂಟೇ? ಊರಿನಿಂದ ಬರುವ ಇನ್ನೊಬ್ಬ ನಾವಿಕನ ಕೈಯಲ್ಲಿ ಅವರಮ್ಮ ಗೇರುಬೀಜ ಕಳಿಸುವವಳಿದ್ದಳು. ಅದು ಬರಲಿ ಎಂದು ಕಾದರು. ಗೇರುಬೀಜ ಬರುವ ಮೊದಲೇ ಎಂಜಿನ್ ಸರಿಹೋಯಿತು, ಹಡಗು ಹೊರಟೇಬಿಟ್ಟಿತು. "ಆ ಅಜ್ಜಿ ನನ್ನನ್ನು ಕಳ್ಳ ಅಂತ ತಿಳ್ಕೊಂಡಿರ್ತಾಳೆ" ಎಂದು ಹೇಳುವಾಗ ಅಂಕಲ್ ಮುಖ ಬಾಡುತ್ತಿತ್ತು. ಬಟ್ಟಲು ಅವರ ಶೋಕೇಸಿನಲ್ಲಿ ಇಗರ್ಜಿಯ ಫೋಟೋದ ಪಕ್ಕದಲ್ಲೇ ಇತ್ತು.

ಶನಿವಾರ ಅಮ್ಮನಿಗೆ ಶಿಫ್ಟ್ ಇದ್ದರೆ ಅಂಕಲ್ ಮತ್ತು ನಾನು ಬಸ್ಸು, ಟ್ರೈನು ಹಿಡಿದು ಪರ್ತಿನ ಬಂದರಾದ ಫ್ರೀಮ್ಯಾಂಟಲ್‌ಗೆ ಹೋಗುತ್ತಿದ್ದೆವು. ಅಲ್ಲಿಯ ಸುಣ್ಣಕಲ್ಲಿನ ಹಳೇ ಕಟ್ಟಡಗಳ ಹಿಂದೆ, ಕಸದ ಡಬ್ಬಿಗಳ ನಡುವೆ, ಅಂಕಲ್ ತಮ್ಮ ಜಿನೋವಾ ಕಟ್ಟಿಕೊಂಡಿದ್ದರು. ಮೀನು ಕರಿಯುವ ಅಂಗಡಿಯಿಂದ ಎಡಕ್ಕೆ, ಗೋಡೆಯಲ್ಲಿ ಮೇರಿಮಾತೆಯ ಹೆಂಚು ಕೂರಿಸಿದ್ದ ಬೇಕರಿಯಿಂದ ಬಲಕ್ಕೆ, ಉಣ್ಣೆಯ ಹಳೇ ಗೋದಾಮಿನ ಹಿಂದಿನ ಓಣಿ, ಏಳನೇ ಬಾಗಿಲೇ ಅಜ್ಜಿಯ ಮನೆ. "ಕಣ್ಣು ಮುಚ್ಚಿ ಹೇಳು, ಮುಂದೆ ಎಂತ?" ಎಂದು ಕೇಳುವರು, ನಾನು ಮಗ್ಗಿಯಂತೆ ಒಪ್ಪಿಸುವೆ. ಅದು ಆಟ ಎಂದೇ ತಿಳಿದಿದ್ದೆ. ನನಗೆ ಹನ್ನೊಂದಾಗುವ ಹೊತ್ತಿಗೆ ಅವರು ಉಪ್ಪನ್ನು ಎರಡು ಸಲ ಹಾಕತೊಡಗಿದ್ದರು, ನನ್ನನ್ನು ಮಗಳ ಹೆಸರಿನಿಂದ ಕರೆಯತೊಡಗಿದ್ದರು. ಡಾಕ್ಟರು ಏನು ಹೇಳಿದರೋ, ಲೀನಾ ಆಂಟಿ ಬಿಳಿ ಬಟ್ಟೆಯ ತುಂಡಿನ ಮೇಲೆ ಕೆಂಪು ದಾರದಲ್ಲಿ ಹೆಸರು, ಮನೆಯ ನಂಬರು, ಫೋನು ಕಸೂತಿ ಹಾಕಿ ಅಂಕಲ್‌ನ ಪ್ರತಿ ಶರ್ಟಿನ ಜೇಬಿನೊಳಗೂ ಹೊಲಿದರು. "ನಾನೆಂತ ಧೋಬಿಗೆ ಹಾಕಿದ ಬೆಡ್‌ಶೀಟಾ?" ಎಂದು ಅಂಕಲ್ ರೇಗಿದರು. ಮಂಡಿನೋವಿನ ಆಂಟಿ ನನ್ನನ್ನು ಗೇಟಿನವರೆಗೆ ಕರೆತಂದು, "ಚಿತ್ರಾ, ನೀನಿದ್ರೆ ನನಗೆ ಧೈರ್ಯ. ಅವರ ಕೈ ಮಾತ್ರ ಬಿಡ್ಬೇಡ ಮಗಾ" ಎಂದರು.

ಆ ಶನಿವಾರ ಸುಡುಬಿಸಿಲು. ಅಂಕಲ್ ಹೆಗಲಲ್ಲಿ ಬಟ್ಟೆಯ ಚೀಲವಿತ್ತು. ಒಳಗೇನಿದೆ ಎಂದು ನಾನು ಕೇಳಲಿಲ್ಲ. ಮಾರ್ಕೆಟ್ಟಿನ ಹತ್ತಿರದ ಬೆಂಚಿನಲ್ಲಿ ಕೂತಾಗ ಅವರು ಎದೆ ತುರಿಸಿಕೊಂಡು, "ಚುಚ್ತದೆ ಮಾರಾಯ್ತಿ, ತೆಗಿ ಇದನ್ನು" ಎಂದು ಜೇಬು ತೋರಿಸಿದರು. ಬೇಡ ಅಂಕಲ್ ಎಂದೆ. "ದೊಡ್ಡವರು ಹೇಳಿದ್ರೆ ಕೇಳ್ಬೇಕು ಅಂತ ನಿನ್ನಮ್ಮ ಕಲಿಸ್ಲಿಲ್ವಾ?" ಎಂದರು. ಕಲಿಸಿದ್ದಳು, ಅದನ್ನೇ ಕಲಿಸಿದ್ದಳು! ನನ್ನ ಬ್ಯಾಗಿನಲ್ಲಿ ಕ್ರಾಫ್ಟ್ ಕ್ಲಾಸಿನ ಕತ್ತರಿ ಇತ್ತು, ಕಾಗದದ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸುವಂಥದ್ದು. ಅದರಲ್ಲೇ ಕತ್ತರಿಸಿ ತೆಗೆದೆ. ಅಂಕಲ್ ಆ ತುಂಡನ್ನು ಪ್ಯಾಂಟಿನ ಜೇಬಿಗೆ ತುರುಕಿ, ನೀರು ತಾ ಎಂದರು. ನಲ್ಲಿ ಅಲ್ಲೇ ಇಪ್ಪತ್ತು ಹೆಜ್ಜೆ ದೂರ. ಬಾಟಲಿ ತುಂಬಿಸಿ ತಿರುಗಿದರೆ ಬೆಂಚು ಖಾಲಿ.

ಅಯ್ಯೋ ದೇವರೇ, ಆ ಒಂದು ಗಂಟೆ! ಮಾರ್ಕೆಟ್ಟಿನ ಒಳಗೆ, ಹೊರಗೆ, ಸ್ಟೇಷನ್ನಿನವರೆಗೆ ಓಡಿದೆ. ಬಿಳಿ ಶರ್ಟಿನ ಪ್ರತಿ ಮುದುಕನ ಹಿಂದೆಯೂ ಓಡಿದೆ. ಒಬ್ಬ ಪೊಲೀಸಿನವನು ಎದುರಿಗೇ ಬಂದ. ಹೇಳಿಬಿಡು ಎಂದಿತು ಮನಸ್ಸು. ಹೇಳಿದರೆ ಆಂಟಿಗೆ ಫೋನು ಹೋಗುತ್ತದೆ, ಜೇಬಿನ ಗುರುತು ಏನಾಯಿತು ಎಂದು ಕೇಳುತ್ತಾರೆ. ಬಾಯಿ ಬರಲಿಲ್ಲ. ಅವನು ಹೋದ. ಇವತ್ತಿಗೂ ನನ್ನನ್ನು ನಾನು ಕ್ಷಮಿಸದೆ ಇರುವುದು ಕತ್ತರಿಸಿದ್ದಕ್ಕಲ್ಲ, ಆ ಪೊಲೀಸಿನವನು ದಾಟಿಹೋಗುವಾಗ ಸುಮ್ಮನಿದ್ದದ್ದಕ್ಕೆ. ಎದುರಿಗೆ ಬಂದರಿನ ಕ್ರೇನುಗಳು, ಅವುಗಳಾಚೆ ಸಮುದ್ರ. ಕಟ್ಟೆಯಂಚಿನಿಂದ ಬಗ್ಗಿ ನೀರಿನೊಳಗೆ ನೋಡಿದೆ. ಆಗ ಮೀನು ಕರಿಯುವ ಎಣ್ಣೆಯ ವಾಸನೆ ಬಂತು, ಅದರ ಜೊತೆಗೇ ಆ ಬಟ್ಟೆಯ ಚೀಲ ನೆನಪಾಯಿತು. ಮೀನಿನ ಅಂಗಡಿಯಿಂದ ಎಡಕ್ಕೆ, ಮೇರಿಮಾತೆಯಿಂದ ಬಲಕ್ಕೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಓಡಿದೆ.

ಗೋದಾಮಿನ ಹಿಂದಿನ ಓಣಿಯಲ್ಲಿ, ಏಳನೇ ಬಾಗಿಲ ಮುಂದೆ, ಅಂಕಲ್ ನಿಂತಿದ್ದರು. ಎರಡೂ ಕೈಯಲ್ಲಿ ನೀಲಿ ಅಂಚಿನ ಬಟ್ಟಲು, ಅದರ ತುಂಬ ಗೇರುಬೀಜ. ಬೋಳುತಲೆಯಿಂದ ಬೆವರು ಇಳಿಯುತ್ತಿತ್ತು. ಕೈ ಬಿಡುವಿಲ್ಲವಾದ್ದರಿಂದ ಮೊಣಕೈಯಿಂದ ಬಾಗಿಲು ತಟ್ಟುತ್ತಿದ್ದರು. ಎಷ್ಟು ಹೊತ್ತಿನಿಂದಲೋ.

"ಅಜ್ಜಿ ಬಾಗಿಲು ತೆಗೀತಾ ಇಲ್ಲ" ಎಂದರು ನನ್ನನ್ನು ನೋಡಿ, ಮಗುವಿನ ಹಾಗೆ.

"ಮಲಗಿರ್ಬೇಕು ಅಂಕಲ್. ನಾಳೆ ಬರೋಣ."

"ನಾಳೆ ಹಡಗು ಹೊರಡ್ತದೆ!"

ಆ ಮುಖದಲ್ಲಿದ್ದ ಭಯವನ್ನು ನಾನು ಬೇರೆ ಯಾವ ದೊಡ್ಡವರ ಮುಖದಲ್ಲೂ ಕಂಡಿಲ್ಲ. ನನಗೆ ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. "ಇಲ್ಲ ಅಂಕಲ್, ಎಂಜಿನ್ ಇನ್ನೂ ರಿಪೇರಿ ಆಗಿಲ್ಲ" ಎಂದೆ.

"ಹೌದಾ?" ಎಂದರು. ಭುಜ ಇಳಿಯಿತು. "ಹಾಗಾದ್ರೆ ಟೈಮುಂಟು" ಎಂದು ನಕ್ಕರು. ನಾನು ಅವರ ತೋಳು ಹಿಡಿದೆ, ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಗೇಟಿನಲ್ಲಿ ಆಂಟಿ ನಿಂತಿದ್ದರು. ಟ್ರೈನ್ ಲೇಟಾಯ್ತು ಎಂದೆ. ಅವರು ಅಂಕಲ್‌ನ ಜೇಬನ್ನೊಮ್ಮೆ ಮುಟ್ಟಿ ನೋಡಿ, ನನಗೆ ಮಜ್ಜಿಗೆ ಕೊಟ್ಟರು. ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಲೋಟದೊಳಗೇ ಮುಖ ಹುದುಗಿಸಿ ಕೂತೆ. ಅವರು ಕೇಳಲಿಲ್ಲ. ಮತ್ತೆ ನಾವು ಫ್ರೀಮ್ಯಾಂಟಲ್‌ಗೆ ಹೋಗಲಿಲ್ಲ. ಅಂಕಲ್‌ಗೆ ಮೊದಲು ನಾನು ಮರೆತುಹೋದೆ, ಆಮೇಲೆ ಗಲ್ಫು, ಆಮೇಲೆ ಆಂಟಿ. ಓಣಿಗಳು ಮಾತ್ರ ಕೊನೆಯವರೆಗೂ ಉಳಿದವು. ಎರಡು ವರ್ಷದ ಮೇಲೆ ಅಂಕಲ್ ತೀರಿಕೊಂಡರು. ಮನೆ ಮಾರಾಟಕ್ಕೆ ಬಂತು. ಹೊಸದಾಗಿ ಕೊಂಡವರು ಅಂಗಳಕ್ಕೆಲ್ಲ ಕಲ್ಲುಹಾಸು ಹಾಕಿಸಿದರು, ಕಾಮಕಸ್ತೂರಿಯ ಒಂದು ಗಿಡವೂ ಉಳಿಯಲಿಲ್ಲ.

ಬ್ರಿಸ್ಬೇನ್‌ಗೆ ಮಗಳ ಮನೆಗೆ ಹೊರಟ ದಿನ ಆಂಟಿ ಆ ಬಟ್ಟಲನ್ನು ನನ್ನ ಕೈಗಿತ್ತರು. ತುಂಬ ಗೇರುಬೀಜವಿತ್ತು. "ಬರಿದು ಕೊಡ್ಬಾರ್ದಲ್ಲ" ಎಂದರು. ಗೇರುಬೀಜ ಮುಗಿಯುವಾಗ ತಳದಲ್ಲಿ ಬಿಳಿ ಬಟ್ಟೆಯ ತುಂಡೊಂದು ಸಿಕ್ಕಿತು. ಕೆಂಪು ದಾರದ ಹೆಸರು, ನಂಬರು. ಅಂಚು ಹಲ್ಲುಹಲ್ಲು. ಆ ಕತ್ತರಿಯಲ್ಲಿ ಅವರ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ನಾನೆಷ್ಟು ಕಾಗದದ ಹೂ ಮಾಡಿರಲಿಲ್ಲ! ಪ್ಯಾಂಟು ಒಗೆಯುವಾಗಲೇ ಅವರಿಗೆ ತಿಳಿದಿತ್ತು. ಎರಡು ವರ್ಷ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ನನಗೆ ದೋಸೆ ಹಾಕಿದ್ದರು. ಅಡುಗೆಮನೆಯ ನೆಲದ ಮೇಲೆ ಕೂತು ನಾನು ಬಿಕ್ಕಿಬಿಕ್ಕಿ ಅತ್ತೆ. ಫೋನು ಮಾಡಿ ಹೇಳಬೇಕು ಎಂದುಕೊಂಡೆ. ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ, ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಮುಂದೂಡುತ್ತಲೇ ಬಂದೆ. ಹೋದ ವರ್ಷ ಬ್ರಿಸ್ಬೇನ್‌ನಿಂದ ಆಂಟಿ ತೀರಿಕೊಂಡರೆಂದು ಅವರ ಮಗಳ ಫೋನು ಬಂತು. ಮಣ್ಣಿಗೆ ಹೋದೆ, ಅಷ್ಟೆ.

ಬಟ್ಟಲು ಈಗ ಅಡಿಲೇಡ್‌ನಲ್ಲಿ ನನ್ನ ಕಿಟಕಿಯ ಹತ್ತಿರ ಇದೆ. ಜಿನೋವಾದ ದಾರಿ ನನಗೆ ಬಾಯಿಪಾಠ. ಟಿಕೆಟ್ಟು ತೆಗೆದರೆ ಹೋಗಬಹುದು, ಆ ಅಜ್ಜಿ ಇಲ್ಲದಿದ್ದರೂ ಬಾಗಿಲಾದರೂ ಇದ್ದೀತು. ಕೆಲವು ಸಂಜೆ ಬಟ್ಟಲು ತೊಳೆದು ಒರೆಸಿ, ಗೇರುಬೀಜ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತೇನೆ. ಎದೆ ಹೊಡೆದುಕೊಳ್ಳತೊಡಗುತ್ತದೆ. ಆಗ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಎಂಜಿನ್ ಇನ್ನೂ ರಿಪೇರಿ ಆಗಿಲ್ಲ ಎಂದು.