ಮೂರನೆಯ ಸಲ ಕೇಳಲಿಲ್ಲ

ನಮ್ಮ ಕಡೆ ಯಾರಾದರೂ ಕಾಫಿ ಬೇಕೇ ಎಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ, ನಿಮಗ್ಯಾಕೆ ಸುಮ್ಮನೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ ಮಾತ್ರ, ಹೇಗೂ ಮಾಡಿದ್ದೀರಲ್ಲ, ಅರ್ಧ ಕಪ್ ಹಾಕಿ ಎನ್ನಬಹುದು. ಅಮೆರಿಕದ ಮಿನೆಸೋಟ ರಾಜ್ಯದ ಪಶ್ಚಿಮ ಅಂಚಿನ ನಮ್ಮ ಊರಿಗೆ ಈ ಉಪಚಾರ ನಾರ್ವೆಯಿಂದ ಬಂದ ಮುತ್ತಜ್ಜಂದಿರ ಜೊತೆಗೇ ಬಂತು. ಅದನ್ನು ನನ್ನ ಅತ್ತೆ ಆರ್ಡಿಸ್ ಟ್ವೇಟನ್ ಅವರಷ್ಟು ಚಾಚೂ ತಪ್ಪದೆ ಪಾಲಿಸಿದವರನ್ನು ನಾನು ನೋಡಿಲ್ಲ.

ಮದುವೆಯಿರಲಿ, ಸಾವಿರಲಿ, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಅತ್ತೆಯದೇ. ಪುಡಿಗೆ ಹಸಿ ಮೊಟ್ಟೆ ಕಲಸಿ ಕುದಿಯುವ ನೀರಿಗೆ ಹಾಕುವರು. ಕೊನೆಗೆ ತಣ್ಣೀರು ಸುರಿದರೆ ಗಸಿಯೆಲ್ಲ ತಳಕ್ಕಿಳಿದು ಕಾಫಿ ತಿಳಿಯಾಗುತ್ತಿತ್ತು. ಆಮೇಲೆ ಕೆಟಲ್ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ಎಲ್ಲರನ್ನೂ ಮೂರು ಮೂರು ಸಲ ಕೇಳುವರು.

ಅವರ ಬಲಗಣ್ಣಿನೊಳಗೆ ಮೆಲನೋಮ ಎಂಬ ಕ್ಯಾನ್ಸರ್ ಪತ್ತೆಯಾಗಿ ಎರಡು ವರ್ಷವಾಗಿತ್ತು. ಎಡಗಣ್ಣು ಹುಟ್ಟಿನಿಂದ ಮಂದ. ಓದುವುದಕ್ಕೂ ಕಾರು ಓಡಿಸುವುದಕ್ಕೂ ಬಲಗಣ್ಣೇ ಗತಿ. ನಗರದ ಆಸ್ಪತ್ರೆಯಲ್ಲಿ ವಿಕಿರಣ ಬೀರುವ ಗುಂಡಿಯಂಥ ಚಿನ್ನದ ಬಿಲ್ಲೆಯೊಂದನ್ನು ಕಣ್ಣುಗುಡ್ಡೆಯ ಹೊರಮೈಗೆ ಹೊಲಿದು, ಕೆಲವು ದಿನ ಬಿಟ್ಟು ತೆಗೆದಿದ್ದರು. ಗೆಡ್ಡೆ ಕುಗ್ಗಿತು. ಆದರೆ ಡಾಕ್ಟರು ಆಗಲೇ ಎಚ್ಚರಿಸಿದ್ದರು.

"ವಿಕಿರಣ ಒಳಗಿನ ಸಣ್ಣ ರಕ್ತನಾಳಗಳನ್ನೂ ಹಾಳು ಮಾಡುತ್ತೆ. ವರ್ಷ, ಎರಡು ವರ್ಷ ಆದ್ಮೇಲೆ ಅವು ಸೋರಬಹುದು. ನೆಟ್ಟಗಿರೋ ಗೆರೆ ಸೊಟ್ಟ ಕಂಡ ದಿನಾನೇ ಫೋನ್ ಮಾಡಿ. ಬೇಗ ಬಂದ್ರೆ ಇಂಜೆಕ್ಷನ್ ಕೊಟ್ಟು ದೃಷ್ಟಿ ಉಳಿಸಬಹುದು. ತಡ ಆದ್ರೆ ಹೋದದ್ದು ವಾಪಸ್ ಬರಲ್ಲ."

ಕಳೆದ ಶರತ್ಕಾಲದಲ್ಲಿ ಊರಿನ ಹಿರಿಯರೊಬ್ಬರ ಮಣ್ಣು ಮುಗಿಸಿ ಎಲ್ಲರೂ ನೆಲಮಾಳಿಗೆಗೆ ಬಂದಿದ್ದೆವು. ಅತ್ತೆಯ ಬಾಲ್ಯದ ಗೆಳತಿ ಲವೋನ್ ಮೂರನೆಯ ಸಲಕ್ಕೆ ಒಪ್ಪಿ ಕಪ್ ಮುಂದಿಟ್ಟರು. ಅತ್ತೆ ಸುರಿದ ಕಾಫಿ ಕಪ್ಪಿನ ಪಕ್ಕ ಮೇಜಿನ ಮೇಲೆ ಬಿತ್ತು.

"ಲೇ ಆರ್ಡಿಸ್, ಕಪ್ ಇಲ್ಲಿದೆ ಕಣೇ! ಮೇಜಿಗೂ ಕಾಫಿ ಕೊಡ್ತೀಯಾ?"

"ಪಾಪ, ಅದನ್ನ ಯಾರೂ ಕೇಳಿರಲಿಲ್ಲ," ಎಂದರು ಅತ್ತೆ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಂದು ಸಂಜೆ ಅವರ ಅಡುಗೆಮನೆಯಲ್ಲಿ ನೇರವಾಗಿ ಕೇಳಿದೆ.

"ಅತ್ತೆ, ಗೆರೆಗಳು ಸೊಟ್ಟ ಕಾಣ್ತಿವೆಯಾ?"

"ಜೋಳದ ಸಾಲು ಸೊಟ್ಟ ಕಂಡಿತ್ತು. ನಿನ್ನ ಮಾವ ಬಿತ್ತಿದ್ದೇ ಹಾಗೆ ಅಂದ್ಕೊಂಡೆ."

"ಹುಟ್ಟಿದ ಮೇಲೆ ನಾನು ಒಂದು ಸಾಲೂ ಸೊಟ್ಟ ಬಿತ್ತಿಲ್ಲ," ಎಂದರು ಗೇಲನ್ ಮಾವ, ಪತ್ರಿಕೆಯ ಹಿಂದಿನಿಂದ.

"ಆಸ್ಪತ್ರೆಗೆ ಫೋನ್ ಮಾಡಿದ್ರಾ?"

"ಮಾಡಿದೆನಲ್ಲ. ಮರಿಸೋಲ್ ಅಂತ ಹೊಸ ನರ್ಸು, ಟೆಕ್ಸಾಸ್ ಕಡೆಯವಳು, ಒಳ್ಳೇ ಹುಡುಗಿ. ಕಣ್ಣು ಹೇಗಿದೆ ಅಂದ್ಲು. ಪರವಾಗಿಲ್ಲ ಅಂದೆ. ಗುರುವಾರ ಬರ್ತೀರಾ ಅಂದ್ಲು. ನನಗಿಂತ ಕಷ್ಟದಲ್ಲಿರೋರು ಇರ್ತಾರೆ, ಅವರನ್ನ ಕರೀರಿ ಅಂದೆ. ನಿಜವಾಗ್ಲೂ ಬೇಡ್ವಾ ಅಂದ್ಲು. ನಿಮಗ್ಯಾಕೆ ತೊಂದರೆ ಅಂದೆ."

"ಆಮೇಲೆ?"

ಅತ್ತೆ ಮೇಜಿನ ಬಟ್ಟೆಯ ಸುಕ್ಕು ತೀಡಿದರು. "ಸರಿ, ಮುಂದಿನ ತಪಾಸಣೆಗೇ ಬನ್ನಿ ಅಂತ ಇಟ್ಟುಬಿಟ್ಲು. ಮೂರನೇ ಸಲ ಕೇಳಲೇ ಇಲ್ಲ ಕಣೇ."

"ಗೆರೆ ಸೊಟ್ಟ ಅಂತ ಹೇಳಬೇಕಿತ್ತಲ್ಲ!"

"ನಾನಾಗೇ ಹೇಳೋದಾ? ಗೋಳು ತೋಡ್ಕೊಂಡ ಹಾಗಾಗಲ್ವಾ?"

ಮಾವ ಪತ್ರಿಕೆ ಕೆಳಗಿಟ್ಟರು. "ಆರ್ಡಿಸ್, ಟೆಕ್ಸಾಸ್‌ನೋರು ಎರಡು ಸಲ ಕೇಳೋದೇ ಹೆಚ್ಚು," ಎಂದರು ಮೆಲ್ಲಗೆ.

ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಮರುದಿನವೇ ಬರಹೇಳಿದರು. ಕಣ್ಣಿನ ಸ್ಕ್ಯಾನ್ ತೋರಿಸುತ್ತ ಡಾಕ್ಟರು, ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿದೆ ಎಂದರು. "ಸ್ವಲ್ಪ ತಡ ಆಗಿದೆ. ಆದ್ರೆ ಕೈ ಮೀರಿಲ್ಲ. ಈಗಿಂದ ತಿಂಗಳಿಗೊಂದು ಇಂಜೆಕ್ಷನ್, ಕಣ್ಣಿನೊಳಗೇ. ತಪ್ಪಿಸಬಾರದು."

ಮರಿಸೋಲ್ ಕಣ್ಣು ಮರಗಟ್ಟಿಸುವ ಹನಿಗಳ ಸೀಸೆ ಹಿಡಿದು ಬಂದಳು. "ಇವತ್ತೇ ಶುರು ಮಾಡೋಣ್ವಾ ಅಮ್ಮಾ? ಇಲ್ಲಾ ಇನ್ನೊಂದು ದಿನ ಬರ್ತೀರಾ?"

ಅತ್ತೆಯ ತುಟಿಗಳು 'ನಿಮಗ್ಯಾಕೆ' ಎನ್ನಲು ಹೊರಟದ್ದು ನನಗೆ ಕಂಡಿತು. ನಾನು ಬಾಯಿ ಹಾಕಲಿಲ್ಲ. ಅವರು ಎರಡೂ ಕೈಗಳಿಂದ ಕುರ್ಚಿಯ ಹಿಡಿಗಳನ್ನು ಬಿಗಿಯಾಗಿ ಹಿಡಿದರು.

"ಇವತ್ತೇ ಕೊಡಿ," ಎಂದರು. "ಗೆರೆಗಳೆಲ್ಲ ಸೊಟ್ಟ ಕಾಣ್ತಿವೆ. ನಂಗೆ ಹೆದರಿಕೆ ಆಗಿದೆ."

ಎಲ್ಲರ ಮುಂದೆ ತಟ್ಟೆಯ ಕೊನೆಯ ಕೇಕಿನ ತುಂಡಿಗೆ ಕೈ ಹಾಕಿದವರ ಹಾಗೆ ಅವರ ಕೆನ್ನೆ ಕೆಂಪಾಯಿತು. ಮರಿಸೋಲ್ ಅತ್ತೆಯ ಹೆಗಲು ಮುಟ್ಟಿದಳು. "ಹೇಳಿದ್ದು ಒಳ್ಳೇದಾಯ್ತು. ತಲೆ ಹಿಂದಕ್ಕಿಡಿ."

ಚಳಿಗಾಲವೆಲ್ಲ, ಹಿಮ ಬಿದ್ದ ದಾರಿಯಲ್ಲಿ, ಮಾವ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದರು. ಎಲ್ಲವೂ ಮರಳಿ ಬರಲಿಲ್ಲ. ಹಾಡುಪುಸ್ತಕದ ಸಣ್ಣ ಅಕ್ಷರ ಇನ್ನು ಅವರಿಗಿಲ್ಲ, ಕತ್ತಲಾದ ಮೇಲೆ ಕಾರೂ ಇಲ್ಲ. ಆದರೆ ಊತ ಇಳಿಯಿತು. ಹಗಲು ಕಾರು ಓಡಿಸಲು ಡಾಕ್ಟರು ಒಪ್ಪಿದರು. ಈಗ ಕೆಟಲಿನ ಮೂತಿಯನ್ನು ಕಪ್ಪಿನ ಅಂಚಿಗೆ ತಾಗಿಸಿ ಸುರಿಯುತ್ತಾರೆ. ಮೇಜಿಗೆ ಕಾಫಿ ಸಿಗುತ್ತಿಲ್ಲ ಎಂದು ಲವೋನ್ ರೇಗಿಸುತ್ತಾರೆ.

ಜೂನಿನಲ್ಲಿ ಜೋಳ ಮೊಣಕಾಲೆತ್ತರ ಬಂದಾಗ ಮಾವ ಅತ್ತೆಯನ್ನು ಹೊಲದ ಬದಿಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

"ಹೇಗೆ ಕಾಣ್ತಿದೆ?"

ಅತ್ತೆ ಎಡಗಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ನೆಟ್ಟಗೇ ಇವೆ. ಆ ಕೊನೇದೊಂದು ಮಾತ್ರ ಇನ್ನೂ ಸೊಟ್ಟ ಕಾಣುತ್ತೆ. ಮರಿಸೋಲ್‌ಗೆ ಹೇಳ್ಬೇಕು."

ಮಾವ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಅದನ್ನ ಹೇಳೋದು ಬೇಡ," ಎಂದರು. "ಅದು ಸೊಟ್ಟಾನೇ."